ನಂಬರ್ 2ರ ಜೆರ್ಸಿ

ನಮ್ಮ ಕಾಲೇಜಿನ ಕಬಡ್ಡಿ ತಂಡಕ್ಕೆ ಸಿಗುತ್ತಿದ್ದದ್ದು ಟ್ರ್ಯಾಕ್‌ಸೂಟ್, ಟಿಎ-ಡಿಎ, ಜೊತೆಗೆ ಒಂದಿಷ್ಟು ಅಟೆಂಡೆನ್ಸ್. ಅದೇ ಲೆಕ್ಕ ತಲೆಯಲ್ಲಿಟ್ಟುಕೊಂಡು 2009ರಲ್ಲಿ ಎಂ.ಎಸ್. ಮಾಡಲು ಅಮೆರಿಕದ ಓಹಿಯೋ ಸ್ಟೇಟ್ ಯೂನಿವರ್ಸಿಟಿಗೆ ಹೋದೆ. ಅಲ್ಲಿ ನೋಡಿದರೆ ಕಾಲೇಜ್ ಹುಡುಗರ ಫುಟ್‌ಬಾಲ್‌ಗೆ (ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಆಟ) ಒಂದು ಲಕ್ಷಕ್ಕೂ ಜಾಸ್ತಿ ಜನ! ಮ್ಯಾಚ್ ಇರುವ ಶನಿವಾರ ಕೊಲಂಬಸ್ ಊರೆಲ್ಲ ಕೆಂಪು. ಲ್ಯಾಬಿಗೆ ಹೋಗೋಣ ಅಂದರೆ ರಸ್ತೆ ದಾಟುವುದೇ ಕಷ್ಟ.

ಅಂಗಡಿಗಳಲ್ಲಿ ನಂಬರ್ 2ರ ಜೆರ್ಸಿ ಸಾಲಾಗಿ ನೇತಾಡುತ್ತಿತ್ತು. ತಂಡದ ಕ್ವಾರ್ಟರ್‌ಬ್ಯಾಕ್, ಅಂದರೆ ದಾಳಿ ನಡೆಸುವ ಮುಖ್ಯ ಆಟಗಾರ, ಟೆರೆಲ್ ಪ್ರಯರ್ ನಂಬರ್ ಅದು. ಬೆನ್ನ ಮೇಲೆ ಹೆಸರು ಮಾತ್ರ ಇಲ್ಲ. ಹೆಸರು ಹಾಕಿದರೆ ಆಟಗಾರನನ್ನು ಮಾರಿಕೊಂಡ ಹಾಗಾಗುತ್ತದಲ್ಲ! ನಂಬರ್ ಮಾರಿ ಬಂದ ದುಡ್ಡಿನಲ್ಲೂ ಅವನಿಗೆ ಬಿಡಿಗಾಸಿಲ್ಲ. ಸ್ಕಾಲರ್‌ಶಿಪ್ ಕೊಡುತ್ತೇವಲ್ಲ, ಇನ್ನೇನು ಬೇಕು? ಕಾಲೇಜು ಕ್ರೀಡೆಯನ್ನು ಆಳುತ್ತಿದ್ದ ಎನ್‌ಸಿಎಎ ವಾದ ಇದು.

2010ರ ಡಿಸೆಂಬರ್‌ನಲ್ಲಿ ಗಲಾಟೆ ಎದ್ದಿತು. ಪ್ರಯರ್ ತನ್ನ ಚಾಂಪಿಯನ್‌ಶಿಪ್ ಉಂಗುರವನ್ನೂ, ಮಿಷಿಗನ್ ತಂಡವನ್ನು ಸೋಲಿಸಿದವರಿಗೆ ಕೊಡುವ ಪುಟ್ಟ ಚಿನ್ನದ ಪ್ಯಾಂಟಿನಾಕಾರದ ಪದಕವನ್ನೂ ಮಾರಿಬಿಟ್ಟಿದ್ದ. ಬೇರೆ ಹುಡುಗರೂ ಇಂಥವನ್ನೇ ಕೊಟ್ಟು ಹಚ್ಚೆ ಹಾಕಿಸಿಕೊಂಡಿದ್ದರು. ಆಟದಿಂದ ಹೀಗೆ ಲಾಭ ಮಾಡಿಕೊಳ್ಳುವುದು ರೂಲಿಗೆ ವಿರುದ್ಧ. ಐವರಿಗೆ ಐದೈದು ಮ್ಯಾಚ್ ನಿಷೇಧ. ಪ್ರಯರ್ 2,500 ಡಾಲರ್ ದಾನವನ್ನೂ ಕೊಡಬೇಕಿತ್ತು. ತಮಾಷೆ ಏನೆಂದರೆ, ನಿಷೇಧ ಮುಂದಿನ ಸೀಸನ್ನಿಗೆ. ಹತ್ತಿರದಲ್ಲೇ ಇದ್ದ, ಸೀಸನ್ ಕೊನೆಯ ದೊಡ್ಡ ಪಂದ್ಯ ಶುಗರ್ ಬೌಲ್ ಆಡಲು ಅಡ್ಡಿಯಿಲ್ಲ! ಆಡಿದರು, ಅರ್ಕನ್ಸಾ ವಿರುದ್ಧ 31-26ರಲ್ಲಿ ಗೆದ್ದರು. ವಿಷಯ ಗೊತ್ತಿದ್ದೂ ಮುಚ್ಚಿಟ್ಟ ಕೋಚ್ ಜಿಮ್ ಟ್ರೆಸೆಲ್ 2011ರ ಮೇನಲ್ಲಿ ರಾಜೀನಾಮೆ ಕೊಟ್ಟರು. (2025ರಲ್ಲಿ ಅವರು ಓಹಿಯೋದ ಲೆಫ್ಟಿನೆಂಟ್ ಗವರ್ನರ್ ಆದರು.) 2010ರ ಸೀಸನ್ನಿನ ಗೆಲುವುಗಳೆಲ್ಲ ರದ್ದಾದವು.

'ಅವನ ಉಂಗುರ, ಅವನು ಮಾರಿದ. ನಿಮಗೇನು ಕಷ್ಟ?' ಎಂದು ಲ್ಯಾಬಿನಲ್ಲಿ ಜಗಳ ಆಡಿದ್ದೆ. ಅಮೆರಿಕದ ಗೆಳೆಯರು ಒಪ್ಪಲಿಲ್ಲ. ರೂಲ್ ಅಂದರೆ ರೂಲ್ ಅಂತೆ.

ಆಟಗಾರರು ತಮ್ಮ ಹೆಸರಿನಿಂದ ದುಡಿಯಬಾರದು ಅನ್ನುವ ರೂಲೇ ಈಗಿಲ್ಲ. 2021ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಒಂಬತ್ತೂ ಜಡ್ಜ್‌ಗಳು ಎನ್‌ಸಿಎಎ ವಿರುದ್ಧ ತೀರ್ಪು ಕೊಟ್ಟರು. ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿ ದುಡಿಯಬಹುದು ಎಂದಾಯಿತು. ಆಟಗಾರರು ಎನ್‌ಸಿಎಎ ಮೇಲೆ ಹಾಕಿದ್ದ ಹೌಸ್ ಕೇಸಿನ ರಾಜಿಗೆ 2025ರ ಜೂನ್‌ನಲ್ಲಿ ಕೋರ್ಟ್ ಒಪ್ಪಿತು: ಹಳೆಯ ಆಟಗಾರರಿಗೆ ಸುಮಾರು 280 ಕೋಟಿ ಡಾಲರ್ ಪರಿಹಾರ. ಮೊದಲ ವರ್ಷ ಒಂದೊಂದು ಯೂನಿವರ್ಸಿಟಿ ಸುಮಾರು 2.05 ಕೋಟಿ ಡಾಲರ್‌ವರೆಗೆ ತನ್ನ ಆಟಗಾರರಿಗೇ ಹಂಚಬಹುದು. ಹೊರಗಿನ ಒಪ್ಪಂದ 600 ಡಾಲರ್ ದಾಟಿದರೆ ನೋಡುವುದಕ್ಕೆ ಕಾಲೇಜ್ ಸ್ಪೋರ್ಟ್ಸ್ ಕಮಿಷನ್ ಅಂತ ಹೊಸದೊಂದು ಸಂಸ್ಥೆ ಬೇರೆ. ದುಡ್ಡಿನ ದೊಡ್ಡ ಪಾಲು ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್ ಹುಡುಗರಿಗೇ ಹೋಗುತ್ತದೆ. ಕೆಲವು ಆಟಗಾರ್ತಿಯರು ಪರಿಹಾರದ ಹಂಚಿಕೆಯ ಮೇಲೆ ಅಪೀಲು ಹಾಕಿದರು. ಹಾಕಬೇಕಾದ್ದೇ.

ಪ್ರಯರ್ ಮತ್ತು ಗೆಳೆಯರು 2021ರಲ್ಲಿ ತಮ್ಮ ಆ ಗೆಲುವುಗಳನ್ನು ವಾಪಸ್ ಕೇಳಿದರು. ಇನ್ನೂ ಕೊಟ್ಟಿಲ್ಲ.