ಪೌಲಿನಾ ಯಾರ ಬಳಿ ದೂರು ಹೇಳಬೇಕಿತ್ತು?

ಏರಿಯಲ್ ಡಾರ್ಫ್‌ಮನ್ ಅವರ ‘ಡೆತ್ ಅಂಡ್ ದ ಮೇಡನ್’ ನಾಟಕವನ್ನು ಈಚೆಗೆ ಮತ್ತೊಮ್ಮೆ ಓದಿದೆ. ಈ ನಾಟಕದ ಚರ್ಚೆ ಸಾಮಾನ್ಯವಾಗಿ ಅದರಲ್ಲಿ ಬರುವ ವೈದ್ಯ ನಿಜಕ್ಕೂ ಅಪರಾಧಿಯೇ ಎಂಬ ಪ್ರಶ್ನೆಗೆ ಬಂದು ನಿಲ್ಲುತ್ತದೆ. ನನ್ನನ್ನು ಕಾಡಿದ್ದು ಬೇರೆ ಪ್ರಶ್ನೆ: ನಾಟಕದ ನಾಯಕಿ ಪೌಲಿನಾ ಸಾಲಾಸ್ ತನ್ನ ದೂರನ್ನು ಹೊತ್ತುಕೊಂಡು ಹೋಗಿ ತಟ್ಟಬಹುದಾಗಿದ್ದ ಒಂದು ಬಾಗಿಲಾದರೂ ಆ ದೇಶದಲ್ಲಿ ಇತ್ತೇ?

ನಾಟಕ ನಡೆಯುವ ದೇಶಕ್ಕೆ ಹೆಸರಿಲ್ಲ. ಅದು ಬಹುಶಃ ಚಿಲಿ ಎಂದಷ್ಟೇ ನಾಟಕಕಾರರು ಸೂಚಿಸುತ್ತಾರೆ. ದೀರ್ಘ ಸರ್ವಾಧಿಕಾರ ಮುಗಿದು ಪ್ರಜಾಪ್ರಭುತ್ವ ಆಗಷ್ಟೇ ಮರಳಿದೆ. ಪೌಲಿನಾಳ ಗಂಡ, ವಕೀಲ ಗೆರಾರ್ಡೊ, ಹಿಂದಿನ ಆಡಳಿತದ ಕೃತ್ಯಗಳನ್ನು ತನಿಖೆ ಮಾಡಲಿರುವ ಆಯೋಗಕ್ಕೆ ನೇಮಕಗೊಂಡಿದ್ದಾನೆ. ದಾರಿಯಲ್ಲಿ ಕಾರು ಪಂಕ್ಚರ್ ಆಗಿ ನಿಂತಿದ್ದ ಅವನನ್ನು ರಾಬರ್ಟೊ ಮಿರಾಂಡಾ ಎಂಬ ವೈದ್ಯ ಸಮುದ್ರದಂಡೆಯ ಒಂಟಿ ಮನೆಗೆ ತಂದು ಬಿಡುತ್ತಾನೆ, ಅದೇ ರಾತ್ರಿ ಮತ್ತೆ ಬಂದು ಅಲ್ಲೇ ತಂಗುತ್ತಾನೆ. ಒಳಗಿನಿಂದ ಅವನ ದನಿಯನ್ನು ಕೇಳಿಸಿಕೊಂಡ ಪೌಲಿನಾ ಅವನನ್ನು ಕುರ್ಚಿಗೆ ಕಟ್ಟಿಹಾಕಿ, ಪಿಸ್ತೂಲು ಹಿಡಿದು ಎದುರು ಕೂರುತ್ತಾಳೆ. ಹದಿನೈದು ವರ್ಷಗಳ ಹಿಂದೆ, ವೈದ್ಯಕೀಯ ವಿದ್ಯಾರ್ಥಿನಿಯಾಗಿದ್ದ ತನ್ನನ್ನು ಹಿಡಿದೊಯ್ದು ಹಿಂಸಿಸಿದ ಆ ದಿನಗಳಲ್ಲಿ, ಶೂಬರ್ಟನ ಸಂಗೀತವನ್ನು ಹಾಕಿಕೊಂಡು ತನ್ನ ಮೇಲೆ ಅತ್ಯಾಚಾರ ಮಾಡಿದ ವೈದ್ಯ ಇವನೇ ಎನ್ನುವುದರಲ್ಲಿ ಅವಳಿಗೆ ಅನುಮಾನವಿಲ್ಲ.

ಚಿಲಿಯ ಅಧ್ಯಕ್ಷ ಸಾಲ್ವಡೋರ್ ಅಯೆಂದೆಯವರ ಸರ್ಕಾರದ ಕಾಲದಲ್ಲಿ ಡಾರ್ಫ್‌ಮನ್ ಸಾಂಸ್ಕೃತಿಕ ಸಲಹೆಗಾರರಾಗಿದ್ದವರು, 1973ರ ಸೆಪ್ಟೆಂಬರ್ 11ರ ಸೇನಾ ದಂಗೆಯ ನಂತರ ದೇಶ ಬಿಟ್ಟವರು. ಅವರ ನಾಟಕ ಸಾಂತಿಯಾಗೊದಲ್ಲಿ ರಂಗವೇರಿದ್ದು 1991ರ ಮಾರ್ಚ್‌ನಲ್ಲಿ. ಅದೇ ತಿಂಗಳು ಅಧ್ಯಕ್ಷ ಪಾಟ್ರಿಸಿಯೊ ಐಲ್ವಿನ್, ಸರ್ವಾಧಿಕಾರದ ಕಾಲದ ಕೃತ್ಯಗಳನ್ನು ತನಿಖೆ ಮಾಡಿದ ರೆಟ್ಟಿಗ್ ಆಯೋಗದ ವರದಿಯನ್ನು ಟೆಲಿವಿಷನ್ನಿನಲ್ಲಿ ದೇಶದ ಮುಂದಿಟ್ಟು, ನೊಂದ ಕುಟುಂಬಗಳ ಕ್ಷಮೆ ಕೇಳುತ್ತ ಗದ್ಗದಿತರಾಗಿದ್ದರು. ಆ ವರದಿ ದೊಡ್ಡ ಕೆಲಸವೇ. ಅದನ್ನು ಹಗುರವಾಗಿ ಕಾಣುವ ಮನಸ್ಸು ನನಗಿಲ್ಲ. ಆದರೆ ಆಯೋಗದ ವ್ಯಾಪ್ತಿಗೆ ಬಂದದ್ದು ಸತ್ತವರ ಮತ್ತು ಕಾಣೆಯಾದವರ ಪ್ರಕರಣಗಳು ಮಾತ್ರ. ಚಿತ್ರಹಿಂಸೆ ಅನುಭವಿಸಿ ಬದುಕಿ ಉಳಿದವರು ಅದರ ಲೆಕ್ಕಕ್ಕೆ ಬರಲಿಲ್ಲ, ಅಪರಾಧಿಗಳ ಹೆಸರುಗಳೂ ಅದರಲ್ಲಿ ಇರಲಿಲ್ಲ. ಸೇನಾ ಆಡಳಿತದ ಅಪರಾಧಿಗಳನ್ನು ಕಾಯುತ್ತಿದ್ದ 1978ರ ಕ್ಷಮಾದಾನ ಕಾನೂನು ಇನ್ನೂ ಜಾರಿಯಲ್ಲಿತ್ತು, ಸೇನೆಯ ದಂಡನಾಯಕನ ಸ್ಥಾನದಲ್ಲಿ ಸರ್ವಾಧಿಕಾರಿಯಾಗಿದ್ದ ಪಿನೊಚೆಯೇ ಕುಳಿತಿದ್ದ, 1998ರವರೆಗೂ ಕುಳಿತಿದ್ದ. ಗೆರಾರ್ಡೊ ಸೇರಲಿರುವ ಆಯೋಗವೂ ಇದೇ ಮಾದರಿಯದು. ಪೌಲಿನಾ ಸಾಯಲಿಲ್ಲ, ಹಾಗಾಗಿ ಅವಳ ಪ್ರಕರಣ ಸ್ವಂತ ಗಂಡನ ಕಡತಕ್ಕೂ ಸೇರುವುದಿಲ್ಲ. ಹಿಡಿದವರು ಅವಳಿಂದ ಹೊರಡಿಸಲು ನೋಡಿದ್ದು ಆ ಗೆರಾರ್ಡೊನ ಹೆಸರನ್ನೇ ಎಂಬುದನ್ನೂ, ಅವಳು ಅದನ್ನು ಕೊನೆಯವರೆಗೂ ಬಾಯಿ ಬಿಡಲಿಲ್ಲ ಎಂಬುದನ್ನೂ ನೆನೆದಾಗ ಈ ಅನ್ಯಾಯ ಇನ್ನಷ್ಟು ಚುಚ್ಚುತ್ತದೆ.

ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡಿದ್ದ ಅವಳ ಬಳಿ ಇರುವ ಸಾಕ್ಷ್ಯವೆಂದರೆ ಒಂದು ದನಿ, ಒಂದು ಮೈವಾಸನೆ, ಕೆಲವು ಮಾತುಗಳ ವರಸೆ. ವಿಲ್ಲಾ ಗ್ರಿಮಾಲ್ಡಿಯಂಥ ನಿಜವಾದ ಹಿಂಸಾ ಕೇಂದ್ರಗಳಲ್ಲಿಯೂ ಬಂಧಿತರ ಕಣ್ಣು ಕಟ್ಟುತ್ತಿದ್ದರು. ಹಾಗೆ ಕಟ್ಟಿದ ಬಟ್ಟೆ ಆ ದಿನದ ಮಟ್ಟಿಗೆ ಭಯ ಹುಟ್ಟಿಸುವುದರ ಜೊತೆಗೆ, ಮುಂದೆಂದೋ ನಡೆಯಬಹುದಾದ ವಿಚಾರಣೆಯಲ್ಲಿ ಗುರುತು ಹಿಡಿಯುವವರೇ ಇಲ್ಲದಂತೆ ಮಾಡುವ ಏರ್ಪಾಡೂ ಆಗಿತ್ತು. ಪಾಟೀಸವಾಲಿನಲ್ಲಿ ಒಂದು ನಿಮಿಷವೂ ನಿಲ್ಲದ ಸಾಕ್ಷ್ಯ ಎಂದು ವಕೀಲನಾದ ಗೆರಾರ್ಡೊಗೆ ಅನ್ನಿಸುವುದು ಸಹಜ. ಅವಳಿಗೆ ತಲೆ ಸರಿಯಿಲ್ಲ ಎಂದು ಅವನು ಅಷ್ಟು ಬೇಗ ತೀರ್ಮಾನಿಸಿಬಿಡುವುದನ್ನು ಮಾತ್ರ ನಾನು ಒಪ್ಪಲಾರೆ. ಅವಳ ಮಾತನ್ನು ರೋಗವೆಂದು ಓದುವ ವಿಮರ್ಶೆಯನ್ನೂ ಒಪ್ಪಲಾರೆ.

ಏಕೆಂದರೆ ಇಡೀ ನಾಟಕದಲ್ಲಿ ಅವಳಷ್ಟು ಎಚ್ಚರದಿಂದ ಯೋಚಿಸುವವರು ಇನ್ನೊಬ್ಬರಿಲ್ಲ. ಟೇಪ್ ರೆಕಾರ್ಡರಿನ ಪ್ರಸಂಗವನ್ನೇ ನೋಡಿ. ತಪ್ಪೊಪ್ಪಿಕೊಂಡರೆ ಬಿಡುವೆನೆಂದು ಪೌಲಿನಾ ಹೇಳಿದ್ದರಿಂದ, ವೈದ್ಯನ ಜೀವ ಉಳಿಸಲೆಂದು ಗೆರಾರ್ಡೊ ಹೆಂಡತಿಯಿಂದ ಅವಳ ಕಥೆಯನ್ನೆಲ್ಲ ಕೇಳಿ ತಿಳಿದುಕೊಂಡು, ಅದನ್ನು ರಾಬರ್ಟೊಗೆ ಗುಟ್ಟಾಗಿ ದಾಟಿಸುತ್ತಾನೆ. ವೈದ್ಯ ಅದರ ಆಧಾರದ ಮೇಲೆ ತಪ್ಪೊಪ್ಪಿಗೆ ಕಟ್ಟಿ ಹೇಳಲಿ ಎಂಬುದು ಗೆರಾರ್ಡೊನ ಯೋಜನೆ. ಪೌಲಿನಾ ಇದನ್ನು ಮೊದಲೇ ಊಹಿಸಿ, ತನ್ನ ಕಥೆಯಲ್ಲಿ ಬೇಕೆಂದೇ ಸಣ್ಣ ಸಣ್ಣ ತಪ್ಪುಗಳನ್ನು ಸೇರಿಸಿರುತ್ತಾಳೆ. ಕಾವಲಿನವನೊಬ್ಬನ ಅಡ್ಡಹೆಸರನ್ನು ಬದಲಿಸಿ ಹೇಳಿರುತ್ತಾಳೆ. ರಾಬರ್ಟೊ ತಪ್ಪೊಪ್ಪಿಗೆಯನ್ನು ಟೇಪ್ ರೆಕಾರ್ಡರಿಗೆ ಹೇಳುತ್ತ ಹೋದಂತೆ ಆ ತಪ್ಪುಗಳು ತಾವಾಗಿಯೇ ಸರಿಯಾಗುತ್ತವೆ. ಕಾನೂನು ಓದಿದ ಗಂಡನಿಗೆ ಹೊಳೆಯದ ಪಾಟೀಸವಾಲನ್ನು, ಒಂದೇ ಒಂದು ಪ್ರಶ್ನೆ ಕೇಳದೆ, ಅವಳು ನಡೆಸಿ ಮುಗಿಸಿರುತ್ತಾಳೆ.

ಇಷ್ಟಾದರೂ ಅವಳ ಕೈಯಲ್ಲಿ ಪಿಸ್ತೂಲಿದೆ ಎಂಬುದನ್ನು ಮರೆಯಲಾಗದು. ಕಟ್ಟಿಹಾಕಿದ ಮನುಷ್ಯನಿಂದ ಪಡೆದ ತಪ್ಪೊಪ್ಪಿಗೆಯನ್ನು ನಂಬಬಹುದು ಎಂದರೆ, ಅವಳನ್ನು ಕಟ್ಟಿಹಾಕಿದವರ ವಿಧಾನವನ್ನೂ ಒಪ್ಪಿದಂತಾಗುತ್ತದೆ. ಈ ತೊಡಕಿನಿಂದ ಡಾರ್ಫ್‌ಮನ್ ನಮ್ಮನ್ನು ಬಿಡಿಸುವುದಿಲ್ಲ. ಈ ನಾಟಕವನ್ನು ಆಧರಿಸಿದ 1994ರ ಚಲನಚಿತ್ರದಲ್ಲಿ ಬಂಡೆಯಂಚಿನಲ್ಲಿ ನಿಂತ ವೈದ್ಯ ಎಲ್ಲವನ್ನೂ ಒಪ್ಪಿಕೊಳ್ಳುತ್ತಾನೆ, ನೋಡುವವರಿಗೆ ಒಂದು ಬಗೆಯ ನಿರಾಳ ಸಿಗುತ್ತದೆ. ನಾಟಕ ಅದನ್ನು ಕೊಡುವುದಿಲ್ಲ. ಅವಳು ಗುಂಡು ಹಾರಿಸುತ್ತಾಳೋ ಇಲ್ಲವೋ ಎನ್ನುವ ಹೊತ್ತಿಗೆ ರಂಗದ ಮೇಲೆ ದೊಡ್ಡ ಕನ್ನಡಿ ಇಳಿದು, ಪ್ರೇಕ್ಷಕರಿಗೆ ಅವರ ಮುಖಗಳನ್ನೇ ತೋರಿಸುತ್ತದೆ. ನಾಟಕದ ದಾರಿಯೇ ಪ್ರಾಮಾಣಿಕವಾದದ್ದು ಎಂದು ನನ್ನ ಎಣಿಕೆ. ಅವಳು ಆರಂಭದಲ್ಲಿ ಬಯಸಿದ್ದು ಸೇಡನ್ನೇ, ಅದನ್ನು ಮುಚ್ಚಿಡುವುದೂ ಇಲ್ಲ. ಆದರೆ ಮಾತು ಮುಂದುವರಿದಂತೆ ಅವಳು ಇಳಿದು ಬಂದು ಕೇಳುವುದು ಎಷ್ಟು ಕಡಿಮೆ ಎಂದು ಗಮನಿಸಬೇಕು: ನಡೆದದ್ದನ್ನು ಅವನು ಬಾಯಿಬಿಟ್ಟು ಹೇಳಬೇಕು, ತನ್ನ ಕೈಯಾರೆ ಬರೆದು ಸಹಿ ಹಾಕಬೇಕು. ಇದು ಯಾವ ಸರ್ಕಾರವಾದರೂ ಮೊದಲ ದಿನವೇ ಕೊಡಿಸಬಹುದಾಗಿದ್ದ ನ್ಯಾಯದ ಕನಿಷ್ಠ ಅಂಶ. ಕೇಳುವವರಿಲ್ಲದ ದೂರು ಪಿಸ್ತೂಲಿನವರೆಗೆ ಬಂದು ಮುಟ್ಟಿದ್ದರಲ್ಲಿ ಆ ಹೊಸ ಸರ್ಕಾರದ ಪಾಲೂ ಇದೆ.

ಬದುಕಿ ಉಳಿದವರ ಮಾತನ್ನು ಕೇಳುವ ಆಯೋಗ ಚಿಲಿಯಲ್ಲಿ ರಚನೆಯಾದದ್ದು 2003ರಲ್ಲಿ, ಬಿಷಪ್ ಸೆರ್ಜಿಯೊ ವಲೇಚ್ ಅವರ ನೇತೃತ್ವದಲ್ಲಿ. ಮರುವರ್ಷ ಬಂದ ಅದರ ವರದಿ 27,000ಕ್ಕೂ ಹೆಚ್ಚು ಮಂದಿಯನ್ನು ರಾಜಕೀಯ ಬಂಧನ ಮತ್ತು ಚಿತ್ರಹಿಂಸೆಗೆ ಒಳಗಾದವರೆಂದು ಗುರುತಿಸಿತು. ಸಾಕ್ಷ್ಯ ನುಡಿದ ಸಾವಿರಾರು ಮಹಿಳೆಯರಲ್ಲಿ ಬಹುತೇಕರು ಲೈಂಗಿಕ ಹಿಂಸೆಯನ್ನು ಹೇಳಿಕೊಂಡರು. ಆ ವರದಿಯೂ ಹಿಂಸಿಸಿದವರನ್ನು ಹೆಸರಿಸಲಿಲ್ಲ, ಮತ್ತು ಅಲ್ಲಿ ದಾಖಲಾದ ಸಾಕ್ಷ್ಯಗಳನ್ನು 50 ವರ್ಷಗಳ ಕಾಲ ಗೋಪ್ಯವಾಗಿಡಲು ಕಾನೂನು ಮಾಡಲಾಯಿತು. ಪೌಲಿನಾಳಂಥ ಒಬ್ಬಳು ಅಲ್ಲಿಗೆ ಹೋಗಿ ತನ್ನನ್ನು ಹಿಂಸಿಸಿದ ವೈದ್ಯನ ಹೆಸರನ್ನು ಹೇಳಿದ್ದರೂ, ಆ ಪುಟ 2054ರವರೆಗೆ ಮುಚ್ಚಿಯೇ ಇರಬೇಕಿತ್ತು.