ಅಕ್ಷರದ ಹೆಸರು ಬೇರೆ, ದನಿ ಬೇರೆ

ಮಗಳು ಮೊದಲ ಸಲ ಇಂಗ್ಲಿಷ್ ಪುಸ್ತಕ ಹಿಡಿದು ಕುಳಿತಾಗ ‘ಸಿ, ಎ, ಟಿ’ ಎಂದು ಮೂರು ಅಕ್ಷರಗಳನ್ನೂ ತಪ್ಪಿಲ್ಲದೆ ಹೇಳಿ, ಮುಂದೇನು ಎಂಬಂತೆ ನನ್ನ ಮುಖ ನೋಡಿದಳು. ಆ ಹೆಸರುಗಳನ್ನು ಎಷ್ಟೇ ಬೇಗ ಕೂಡಿಸಿದರೂ ‘ಕ್ಯಾಟ್’ ಹುಟ್ಟುವುದಿಲ್ಲ. ಅದಕ್ಕೆ ಬೇಕಾದದ್ದು ಅಕ್ಷರಗಳ ಹೆಸರಲ್ಲ, ಅವುಗಳ ದನಿ. ದನಿಯನ್ನು ಹೇಳಿಕೊಡುವಾಗಲೂ ಎಚ್ಚರ ಬೇಕು: ‘ಟ್’ ಎನ್ನುವ ಬದಲು ‘ಟ’ ಎಂದು ಸ್ವರ ಸೇರಿಸಿ ಕಲಿಸಿದರೆ, ಮಗು ದನಿಗಳನ್ನು ಜೋಡಿಸಿದಾಗ ತನಗೆ ಚೆನ್ನಾಗಿ ಗೊತ್ತಿರುವ ಪದವೇ ಗುರುತು ಸಿಗದಂತಾಗುತ್ತದೆ. ನಾನೇ ಮೊದಲ ಕೆಲವು ವಾರ ಹೀಗೆ ತಪ್ಪಾಗಿ ಕಲಿಸಿದ್ದೆ.

ಇಂಗ್ಲಿಷಿನಲ್ಲಿ ಅಕ್ಷರಗಳು 26, ದನಿಗಳು ಸುಮಾರು 44. ಹಾಗಾಗಿ ಅಕ್ಷರಗಳು ಜೋಡಿಯಾಗಿ ದುಡಿಯಬೇಕಾಗುತ್ತದೆ. ‘ಶಿಪ್’ ಪದದಲ್ಲಿ ‘ಎಸ್’ ಮತ್ತು ‘ಎಚ್’ ಸೇರಿ ಕೊಡುವ ದನಿಯನ್ನೇ ‘ಶುಗರ್’ನಲ್ಲಿ ‘ಎಸ್’ ಒಂದೇ ಕೊಡುತ್ತದೆ, ‘ಮಷೀನ್’ನಲ್ಲಿ ‘ಸಿ’ ಮತ್ತು ‘ಎಚ್’, ‘ನೇಷನ್’ನಲ್ಲಿ ‘ಟಿ’ ಮತ್ತು ‘ಐ’ ಕೊಡುತ್ತವೆ. ಇದಕ್ಕೆ ಚರಿತ್ರೆಯೂ ಒಂದು ಕಾರಣ. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ಇಂಗ್ಲೆಂಡಿಗೆ ಮುದ್ರಣವನ್ನು ತಂದ ಮೇಲೆ ಕಾಗುಣಿತ ನಿಧಾನವಾಗಿ ಸ್ಥಿರಗೊಳ್ಳುತ್ತ ಹೋಯಿತು, ಉಚ್ಚಾರಣೆ ಮಾತ್ರ ಬದಲಾಗುತ್ತಲೇ ಇತ್ತು. ಯೋಧನೆಂಬ ಅರ್ಥದ ‘ನೈಟ್’ ಪದದ ಆರಂಭದಲ್ಲಿ ಇಂದು ಮೌನವಾಗಿರುವ ‘ಕೆ’ ಒಂದು ಕಾಲದಲ್ಲಿ ಬಾಯಲ್ಲಿ ಕೇಳಿಸುತ್ತಿತ್ತು.

ಇದನ್ನೆಲ್ಲ ಮಗುವಿನ ಮೇಲೆ ಒಮ್ಮೆಲೇ ಹೇರುವುದು ಸರಿಯಲ್ಲವೆಂದು ನನಗೆ ಖಚಿತವಾಗಿ ಅನಿಸುತ್ತದೆ. ಈಗ ‘ಎಸ್’ ‘ಎಚ್’ ಜೋಡಿಯ ಕೆಳಗೆ ಒಂದೇ ಗೆರೆ ಎಳೆದು ಕೊಡುತ್ತೇನೆ. ಅವಳು ಆ ಗೆರೆಯ ಮೇಲೆ ಬೆರಳಿಟ್ಟು ‘ಶ್’ ಎಂದು ಉಸಿರು ಬಿಟ್ಟು, ಮುಂದಿನ ಅಕ್ಷರಕ್ಕೆ ಹೋಗುತ್ತಾಳೆ.