'ಗುಡ್ ಫಿಟ್' ಅಂದರೆ ಫೈಲ್ ವಾಪಸ್

ಬೆಂಗಳೂರಿನಲ್ಲಿ ಕೂತು ಅಮೆರಿಕದ ಒಂದು ದೊಡ್ಡ ಅಂಗಡಿ ಕಂಪನಿಯ ಸಂಬಳ, ಬಡ್ತಿಗಳ ಲೆಕ್ಕ ನೋಡುವುದು ನನ್ನ ಕೆಲಸ. ಟೀಮಿಗೆ ಹೊಸಬರು ಬಂದರೆ ಎಕ್ಸೆಲ್‌ಗಿಂತ ಮೊದಲು ವಾಲ್‌ಮಾರ್ಟ್ ಮೇಲಿನ ಡ್ಯೂಕ್ಸ್ ಕೇಸಿನ ಕಥೆ ಹೇಳುತ್ತೇನೆ.

ಬೆಟ್ಟಿ ಡ್ಯೂಕ್ಸ್ ಕ್ಯಾಲಿಫೋರ್ನಿಯಾದ ಪಿಟ್ಸ್‌ಬರ್ಗ್ ಊರಿನ ವಾಲ್‌ಮಾರ್ಟ್‌ನಲ್ಲಿ ಕೆಲಸಕ್ಕಿದ್ದರು. 2001ರಲ್ಲಿ ಅವರೂ ಇನ್ನು ಕೆಲವರೂ ಸೇರಿ ಕೋರ್ಟಿಗೆ ಹೋದರು. ಸಂಬಳದಲ್ಲೂ ಬಡ್ತಿಯಲ್ಲೂ ಹೆಂಗಸರಿಗೆ ಅನ್ಯಾಯ ಆಗುತ್ತಿದೆ ಅನ್ನುವುದು ದೂರು. ದೇಶದ ಎಲ್ಲ ಅಂಗಡಿಗಳ ಹೆಂಗಸರ ಪರವಾಗಿ ಹಾಕಿದ ಕೇಸು ಅದು, ಸುಮಾರು 15 ಲಕ್ಷ ಜನ! ಗಂಟೆ ಲೆಕ್ಕದ ಕೆಲಸಗಳಲ್ಲಿ ಹೆಂಗಸರು ಶೇ. 70ರಷ್ಟಿದ್ದರೆ, ಮ್ಯಾನೇಜರ್‌ಗಳಲ್ಲಿ ಶೇ. 33 ಮಾತ್ರ.

2011ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಇವರನ್ನೆಲ್ಲ ಒಂದೇ ಕೇಸಿನಲ್ಲಿ ಸೇರಿಸಲು ಆಗಲ್ಲ ಅಂದಿತು. ಭೇದಭಾವ ನಡೆದಿಲ್ಲ ಅಂತ ಹೇಳಲಿಲ್ಲ, ಆ ಪ್ರಶ್ನೆಗೇ ಹೋಗಲಿಲ್ಲ. ಸಂಬಳ, ಬಡ್ತಿ ಎಲ್ಲ ಆಯಾ ಮ್ಯಾನೇಜರ್ ಇಷ್ಟಕ್ಕೆ ಬಿಟ್ಟಿದ್ದು, ಸಾವಿರಾರು ಜನರ ತೀರ್ಮಾನಗಳನ್ನು ಒಂದೇ ದಾರಕ್ಕೆ ಪೋಣಿಸುವುದು ಹೇಗೆ ಅನ್ನುವುದು ಜಸ್ಟಿಸ್ ಸ್ಕಾಲಿಯಾ ವಾದ. ಇದರಲ್ಲಿ ಕೋರ್ಟು 5-4 ಆಗಿ ಒಡೆಯಿತು. ಹಾಗೆ ಇಷ್ಟಕ್ಕೆ ಬಿಡುವುದರಿಂದಲೇ ಭೇದಭಾವ ನುಸುಳಬಹುದು ಅಂದರು ಜಸ್ಟಿಸ್ ಗಿನ್ಸ್‌ಬರ್ಗ್. ನನಗೂ ಅದೇ ಸರಿ ಅನ್ನಿಸುತ್ತದೆ. ಪದ್ಧತಿಯೇ ಇಲ್ಲದಿದ್ದುದು ಕಂಪನಿಗೆ ಅನುಕೂಲವಾಯಿತು, ವಿಚಿತ್ರ ಅಲ್ವಾ?

ಅಂಕಿ ನೋಡುವವರು ಗಮನಿಸಬೇಕಾದ್ದು ಇನ್ನೊಂದಿದೆ. ಡ್ಯೂಕ್ಸ್ ಕಡೆಯವರ ಲೆಕ್ಕ ಪ್ರಾಂತ್ಯವಾರು ಇತ್ತು. ಅದರಲ್ಲಿ ಗಂಡಸರಿಗೂ ಹೆಂಗಸರಿಗೂ ನಡುವೆ ಕಂಡ ಅಂತರ ಕೆಲವೇ ಅಂಗಡಿಗಳಿಂದ ಬಂದಿರಬಹುದು ಅಂದಿತು ಕೋರ್ಟು. ಇದು ಉಲ್ಟಾ ಕೂಡ ಆಗುತ್ತದೆ. ಪ್ರಾಂತ್ಯದ ಸರಾಸರಿ ಚೆನ್ನಾಗಿ ಕಂಡರೆ ಒಂದೆರಡು ಅಂಗಡಿಗಳ ಹುಳುಕು ಅದರಲ್ಲೇ ಮುಚ್ಚಿಹೋಗುತ್ತದೆ. ಅದಕ್ಕೇ ನಾನು ಒಂದೇ ಅಂಗಡಿ, ಒಂದೇ ಕೆಲಸ, ಅಷ್ಟೇ ಅನುಭವ ಇರುವವರನ್ನು ಪಕ್ಕಪಕ್ಕ ಇಟ್ಟು ನೋಡು ಅನ್ನುತ್ತೇನೆ.

ಆಮೇಲೆ ಬಡ್ತಿ ಶೀಟಿನ 'ಕಾರಣ' ಕಾಲಮ್. ಅಲ್ಲಿ ಸುಮ್ನೆ 'ಗುಡ್ ಫಿಟ್' ಅಂತ ಬರೆದಿದ್ದರೆ ವಾಪಸ್ ಕಳಿಸುತ್ತೇನೆ. ಯಾವುದಕ್ಕೆ ಫಿಟ್? ಜಾಗ ಖಾಲಿ ಇರುವುದು ಎಲ್ಲರಿಗೂ ಗೊತ್ತಿತ್ತಾ? ಯಾರು ಕೇಳಿದ್ದರು, ಇಂಟರ್‌ವ್ಯೂ ಯಾರಿಗೆ ಆಯಿತು? ಮ್ಯಾನೇಜರ್‌ಗಳಿಗೆ ಇದು ಕಿರಿಕಿರಿ. ಇರಲಿ.

ಮನೆ ಕಟ್ಟುವ, ರಿಪೇರಿ ಮಾಡುವ ಸಾಮಾನು ಮಾರುವ ಹೋಮ್ ಡಿಪೋ ಕಂಪನಿ ಮೇಲೂ ಇಂಥದೇ ಕೇಸಿತ್ತು. ಹೆಂಗಸರನ್ನು ಕ್ಯಾಷ್ ಕೌಂಟರಿಗೇ ತಳ್ಳುತ್ತಾರೆ, ಸೇಲ್ಸ್ ಕೊಡಲ್ಲ ಅನ್ನುವುದು ದೂರು. 1997ರಲ್ಲಿ ಸುಮಾರು 10 ಕೋಟಿ ಡಾಲರಿಗೆ ರಾಜಿಯಾಯಿತು. ಆಮೇಲೆ ಅಂಗಡಿಗಳಲ್ಲೇ ಕಂಪ್ಯೂಟರ್ ಇಟ್ಟು, ತನಗೆ ಯಾವ ಕೆಲಸ ಬೇಕು ಅಂತ ಕೆಲಸದವರೇ ದಾಖಲಿಸುವ ವ್ಯವಸ್ಥೆ ಬಂತು. ಅವರಿಗೆ ಕೌಂಟರೇ ಇಷ್ಟ ಅಂತ ಮ್ಯಾನೇಜರ್ ತಾನೇ ಊಹಿಸಿಕೊಳ್ಳುವುದು ಅಲ್ಲಿಂದ ಕಷ್ಟವಾಯಿತು.